ಚಾವಿ ತಿರುಗಿಸುವ ಮುನ್ನ

ನೆರೆಮನೆಯಿಂದ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ತಿಕ್ಕಿ ತೊಳೆದು, ಒಂದು ಹಿಡಿ ಸಕ್ಕರೆಯನ್ನೋ ಒಂದು ಅಚ್ಚು ಬೆಲ್ಲವನ್ನೋ ಅದರಲ್ಲಿಟ್ಟು ಕೊಟ್ಟರೆ ಎರಡು ಮನೆಗೂ ಸಮಾಧಾನ. ಆದರೆ ಅದೇ ಮನೆಯವರು ಮದುವೆಗೆಂದು ಬಾಡಿಗೆಗೆ ತಂದ ಹಂಡೆ ಕೊಳದಪ್ಪಲೆಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ನೋಡಬೇಕು. ತಳ ಸೀದರೂ ಚಿಂತೆಯಿಲ್ಲ, ಅಂಚು ನೆಗ್ಗಿದರೂ ಚಿಂತೆಯಿಲ್ಲ. ಕೇಳಿದರೆ, "ದುಡ್ಡು ಕೊಟ್ಟಿಲ್ಲವೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರವಲು ತಂದದ್ದಕ್ಕೆ ಮಾನವನ್ನು ಅಡವಿಟ್ಟಿರುತ್ತೇವೆ. ಬಾಡಿಗೆಗೆ ತಂದದ್ದಕ್ಕೆ ಹಣ ತೆತ್ತಿರುತ್ತೇವೆ. ಹಣ ತೆತ್ತ ಮೇಲೆ ಮಾನದ ಪ್ರಶ್ನೆ ಏಳುವುದಿಲ್ಲವೆಂದು ನಮ್ಮ ಲೆಕ್ಕ.

ಈ ಲೆಕ್ಕ ಸರಿಯೆ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಉಂಟು. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಮನುಷ್ಯ ಎಷ್ಟರಮಟ್ಟಿಗೆ ಹೊಣೆ? ಈ ಎರಡು ಪ್ರಶ್ನೆಗಳೂ ಒಟ್ಟಾಗಿ ಬಂದು ನನ್ನನ್ನು ಅಡ್ಡಗಟ್ಟಿದ್ದು ಯಾವ ಗುರುಕುಲದಲ್ಲೂ ಅಲ್ಲ. ಊರಿನಿಂದ ಬಹುದೂರ, ಪೋರ್ಚುಗಲ್ ದೇಶದ ಒಂದು ಪೆಟ್ರೋಲ್ ಬಂಕಿನಲ್ಲಿ.

2019ರಲ್ಲಿ ನಾನೂ ನನ್ನ ಹೆಂಡತಿಯೂ ಆ ದೇಶಕ್ಕೆ ಹೋಗಿದ್ದೆವು. ಲಿಸ್ಬನ್ನಿನಲ್ಲಿ ಒಂದು ಕಾರನ್ನು ಐದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಸುಮಾರು 130 ಕಿಲೋಮೀಟರು ಪೂರ್ವಕ್ಕಿರುವ ಎವೊರಾ ಎಂಬ ಹಳೆಯ ಪಟ್ಟಣಕ್ಕೂ ಅದರ ಸುತ್ತಿನ ಹಳ್ಳಿಗಳಿಗೂ ಹೊರಟೆವು. ಬಾಡಿಗೆಯವರ ಷರತ್ತು ಸರಳವಾಗಿತ್ತು: ಟ್ಯಾಂಕು ತುಂಬಿಸಿ ಕೊಡುತ್ತೇವೆ, ತುಂಬಿಸಿಯೇ ಹಿಂದಿರುಗಿಸಬೇಕು. ನಮ್ಮ ಸಕ್ಕರೆ ಬೆಲ್ಲದ ಪದ್ಧತಿ ಇಲ್ಲೂ ಉಂಟಲ್ಲ ಎಂದು ನನಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಕರಾರುಪತ್ರದ ಉಳಿದ ಭಾಗವನ್ನು ಓದದೆ ರುಜು ಹಾಕಿದೆ.

ನನ್ನ ಅಜಾಗರೂಕತೆಗೆ ಇನ್ನೊಂದು ಕಾರಣವೂ ಇತ್ತು. ಆ ದೇಶಕ್ಕೆ ಹೋದ ದಿನದಿಂದ ಅಲ್ಲಿಯ ಭಾಷೆ ನನಗೆ ಅರ್ಧ ಬರುತ್ತದೆಂಬ ಒಂದು ಭ್ರಮೆ ನನ್ನನ್ನು ಹಿಡಿದಿತ್ತು. ಕಾರಣವಿಲ್ಲದೆ ಅಲ್ಲ. ಅವರ ಶಾವೆ ನಮ್ಮ ಚಾವಿ. ಅವರ ಬಟಾಟಾ ನಮ್ಮ ಬಟಾಟೆ. ಅವರ ಅನಾನಾಸ್ ನಮ್ಮ ಅನಾನಸು. ಹಣ ಕೊಡುವುದಕ್ಕೆ ಅವರು ಹೇಳುವ ಪಗಾರ್ ಎಂಬ ಮಾತೇ ಗೋವೆಯ ದಾರಿಯಿಂದ ಬಂದು ಧಾರವಾಡದ ಕಡೆಯ ಗುಮಾಸ್ತನ ತಿಂಗಳ ಪಗಾರವಾಗಿ ನೆಲೆಸಿದೆ. ಹೀಗೆ ಪ್ರತಿ ಬೀದಿಯಲ್ಲೂ ನೆಂಟರನ್ನು ಕಂಡವನಂತೆ ನಾನು ಬೀಗುತ್ತಿದ್ದೆ. ಪೂರ್ತಿ ಗೊತ್ತಿಲ್ಲದವನು ಕೇಳುತ್ತಾನೆ, ಪೂರ್ತಿ ಗೊತ್ತಿರುವವನಿಗೆ ಕೇಳುವ ಅಗತ್ಯವಿಲ್ಲ. ಅರ್ಧ ಗೊತ್ತಿರುವವನ ಗತಿಯೇ ಕಷ್ಟ.

ಕಾರಿನ ಚಾವಿಗೆ ಒಂದು ಚೀಟಿ ಕಟ್ಟಿತ್ತು. ಅದರ ಮೇಲೆ 'ಗಸೋಲಿಯೊ' ಎಂದು ಬರೆದಿತ್ತು. ಅಮೆರಿಕದವರು ಪೆಟ್ರೋಲಿಗೆ ಗ್ಯಾಸೊಲಿನ್ ಎನ್ನುವುದನ್ನು ಬಲ್ಲ ನಾನು, ಇದು ಅದರ ತಂಗಿಯೇ ಇರಬೇಕು, ಪೆಟ್ರೋಲ್ ಕಾರು ಎಂದು ತೀರ್ಮಾನಿಸಿದೆ. ಊರಿನಲ್ಲಿ ನಾನು ಓಡಿಸುವುದೂ ಪೆಟ್ರೋಲ್ ಕಾರೇ. ಮನಸ್ಸು ಮೊದಲೇ ಒಪ್ಪಿದ್ದಕ್ಕೆ ಸಾಕ್ಷಿ ಸಿಕ್ಕರೆ ಹೆಚ್ಚು ವಿಚಾರಣೆ ಮಾಡುವುದಿಲ್ಲವಷ್ಟೆ.

ಪರದೇಶದಲ್ಲಿ ಎಣ್ಣೆಯ ಹೆಸರುಗಳು ಎಂಥ ಬಲೆಗಳೆಂಬುದನ್ನು ಆಮೇಲೆ ತಿಳಿದುಕೊಂಡೆ. ಪೋರ್ಚುಗೀಸರಿಗೆ 'ಗಸೋಲಿನಾ' ಎಂದರೆ ಪೆಟ್ರೋಲು, 'ಗಸೋಲಿಯೊ' ಎಂದರೆ ಡೀಸೆಲ್. ಫ್ರಾನ್ಸಿನಲ್ಲಿ 'ಗಜೋಲ್' ಡೀಸೆಲ್. ಪೆಟ್ರೋಲನ್ನು ಅವರು 'ಎಸಾನ್ಸ್', ಎಂದರೆ ಸತ್ವ, ಎನ್ನುತ್ತಾರೆ. ಜರ್ಮನಿಯಲ್ಲಿ ಪೆಟ್ರೋಲಿಗೆ 'ಬೆಂಜೀನ್'. ಅಲ್ಲಿ 'ಪೆಟ್ರೋಲಿಯಂ' ಎಂದು ಕೇಳಿದರೆ ದೀಪಕ್ಕೆ ಹಾಕುವ ಸೀಮೆಎಣ್ಣೆ ಎಂದಾಗುತ್ತದೆ. 'ನಾಫ್ತ' ಎಂಬ ಒಂದೇ ಮಾತು ಅರ್ಜೆಂಟೀನಾದಲ್ಲಿ ಪೆಟ್ರೋಲು, ಚೆಕ್ ನಾಡಿನಲ್ಲಿ ಡೀಸೆಲ್. ಬಣ್ಣವನ್ನು ನಂಬೋಣವೆಂದರೆ, ಇಂಗ್ಲೆಂಡಿನಲ್ಲಿ ಹಸುರು ಹಿಡಿಯೆಂದರೆ ಪೆಟ್ರೋಲು. ಅಮೆರಿಕದ ಬಹುಪಾಲು ಬಂಕುಗಳಲ್ಲಿ ಹಸುರು ಹಿಡಿಯೇ ಡೀಸೆಲ್. ಇವರನ್ನು ಕಂಡು ನಗುವುದಕ್ಕೂ ನಮಗೆ ಅಧಿಕಾರವಿಲ್ಲ. ನಮ್ಮ ಲಾರಿಯವರು 'ಎಣ್ಣೆ ಹಾಕಿಸು' ಎಂದರೆ ಡೀಸೆಲ್, ಅಡಿಗೆಮನೆಯಲ್ಲಿ ಅದೇ ಮಾತಿಗೆ ಕಡಲೆಕಾಯಿ ಎಣ್ಣೆ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂಬ ಮೊಹರು ಒತ್ತಿ ಸೀಮೆಸುಣ್ಣ, ಸೀಮೆಬದನೆ, ಸೀಮೆಎಣ್ಣೆ ಎಂದು ಮುಗಿಸಿಬಿಟ್ಟವರು ನಾವು.

ನಾಲ್ಕು ದಿನ ಸುತ್ತಾಡಿ ಐದನೆಯ ದಿನ ಲಿಸ್ಬನ್ನಿಗೆ ಹೊರಟಾಗ ಮುಳ್ಳು ಕೆಳಕ್ಕಿಳಿದಿತ್ತು. ದಾರಿಯ ಒಂದು ಬಂಕಿನಲ್ಲಿ ನಿಲ್ಲಿಸಿದೆ. ನಮ್ಮ ಊರಿನಲ್ಲಾದರೆ ಒಬ್ಬ ಹುಡುಗ ಓಡಿಬಂದು, ಪೆಟ್ರೋಲೋ ಡೀಸೆಲ್ಲೋ ಎಂದು ಕೇಳಿ, "ಜೀರೋ ನೋಡ್ಕೊಳ್ಳಿ ಸಾರ್" ಎಂದು ಸಾಕ್ಷಿಗೆ ಕರೆಯುತ್ತಾನೆ. ಅವನು ತಪ್ಪಿದರೆ ಗದರಿಸುವುದಕ್ಕೆ ನಾವಿರುತ್ತೇವೆ. ಯೋಚಿಸಿದರೆ, ನಮ್ಮ ಮಧ್ಯಮ ವರ್ಗದ ಜೀವನವೆಲ್ಲ ಇಂಥ ಹುಡುಗರ ಮೇಲೆ ನಿಂತಿದೆ. ಅಡಿಗೆ ಕೆಟ್ಟರೆ ಅಡಿಗೆಯವಳು, ಬಟ್ಟೆ ಸುಟ್ಟರೆ ಇಸ್ತ್ರಿಯವನು, ಅರ್ಜಿ ತಪ್ಪಿದರೆ ಗುಮಾಸ್ತ. ಕೆಲಸವನ್ನು ಅವರಿಗೆ ಕೊಡುವಾಗ ಅದರೊಡನೆ ತಪ್ಪನ್ನೂ ಕೊಟ್ಟುಬಿಟ್ಟಿರುತ್ತೇವೆ. ಅಲ್ಲಿ ಯಾರೂ ಬರಲಿಲ್ಲ. ಪೈಪನ್ನು ಎತ್ತಬೇಕಾದವನು ನಾನೇ.

'ಗಸೋಲಿನಾ 95' ಎಂದಿದ್ದ ಪೈಪಿಗೆ ಕೈಹಾಕಿದೆ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. "ರೀ, ಚಾವಿಯ ಚೀಟಿಯಲ್ಲಿ ಕೊನೆಯ ಅಕ್ಷರ ಬೇರೆ ಇದ್ದ ಹಾಗಿತ್ತಲ್ಲ? ಒಳಗೆ ಹೋಗಿ ಒಂದು ಮಾತು ಕೇಳಬಾರದೆ?" ಎಂದಳು.

"ಅಷ್ಟೂ ಗೊತ್ತಾಗುವುದಿಲ್ಲವೆ ನನಗೆ?" ಎಂದೆ.

ಆ ಉತ್ತರದಲ್ಲಿ ಕಾರಿನ ವಿಷಯ ಒಂದಕ್ಷರವೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು.

ಏಳು ಲೀಟರು ಹೋಗಿರಬೇಕು. ಆಗ ಆಕೆಯೇ, "ನೋಡಿ, ಇಲ್ಲಿ ಚೌಕ ಇದೆ. ನಿಮ್ಮ ಕೈಯಲ್ಲಿರುವುದರ ಮೇಲೆ ಗುಂಡಗಿದೆ" ಎಂದಳು. ನೋಡಿದೆ. ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ ಒಂದು ಸಣ್ಣ ಚೌಕ, ಅದರೊಳಗೆ ಬಿ7 ಎಂಬ ಗುರುತು. ಪೈಪಿನ ಹಿಡಿಯ ಮೇಲೆ ಒಂದು ವೃತ್ತ, ಅದರೊಳಗೆ ಇ5. ಹೆಸರುಗಳ ಗೊಂದಲವನ್ನು ಕಂಡ ಯುರೋಪಿನವರು 2018ರ ಅಕ್ಟೋಬರ್ 12ರಿಂದ ಒಂದು ಏರ್ಪಾಟು ಮಾಡಿದ್ದರು. ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ, ಅನಿಲ ಇಂಧನಗಳಿಗೆ ಓರೆಯಾಗಿ ನಿಂತ ಚೌಕ. ಈ ಗುರುತುಗಳನ್ನು ಬಂಕಿನಲ್ಲೂ ಹೊಸ ಕಾರುಗಳಲ್ಲೂ ಒಂದೇ ಬಗೆಯಾಗಿ ಅಂಟಿಸಬೇಕು. ಓದು ಬಾರದವನಿಗೂ ತಿಳಿಯುವಂಥ ಲಿಪಿ. ಓದು ಬರುತ್ತದೆಂಬ ಜಂಬದಲ್ಲಿದ್ದ ನನಗೆ ಮಾತ್ರ ಅದು ಕಾಣಲಿಲ್ಲ. ಪೈಪನ್ನು ಹಿಂದಕ್ಕೆ ತೆಗೆದೆ.

ಏಳು ಲೀಟರು ಬೇರೆ ಎಣ್ಣೆ ಬಿದ್ದರೆ ಆಗುವುದೇನು? ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹತ್ತಿಸುವುದು ಕಿಡಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ನಡೆಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದಲೇ ಓಡಿತಂತೆ. ಆ ಕಾಲದ ಎಂಜಿನ್ನು ಕೊಟ್ಟದ್ದನ್ನು ಉಂಡು ದುಡಿಯುವ ಎತ್ತಿನಂತಿತ್ತು. ಇಂದಿನದು ಹಾಗಲ್ಲ. ಅದರ ಪಂಪು ಎಣ್ಣೆಯನ್ನು ವಾಯುಮಂಡಲದ ಒತ್ತಡದ ಸಾವಿರ, ಎರಡು ಸಾವಿರ ಪಟ್ಟು ಒತ್ತಡದಿಂದ ಕೂದಲೆಳೆಯಂಥ ತೂತುಗಳಲ್ಲಿ ನೂಕಬೇಕು. ಆ ಪಂಪಿನ ಲೋಹಗಳು ಉಜ್ಜಿಕೊಳ್ಳದಂತೆ ಕಾಯುವುದು ಡೀಸೆಲಿನಲ್ಲಿರುವ ಜಿಡ್ಡು. ಪೆಟ್ರೋಲು ಸೇರಿದರೆ ಆ ಜಿಡ್ಡು ತೊಳೆದುಹೋಗುತ್ತದೆ. ಲೋಹ ಲೋಹವನ್ನು ಕೆರೆಯುತ್ತದೆ. ಕೆರೆದ ಪುಡಿ ಮುಂದಕ್ಕೆ ಹೋಗಿ ತೂತುಗಳನ್ನು ಕೆಡಿಸುತ್ತದೆ. ಹಾನಿ ಆ ಕ್ಷಣದಲ್ಲೇ ಕಾಣಿಸಬೇಕೆಂದಿಲ್ಲ. ಹತ್ತು ಮೈಲಿ ಹೋದ ಮೇಲೆ ಕಾಣಿಸಬಹುದು, ಒಂದು ತಿಂಗಳ ಮೇಲೆ ಕಾಣಿಸಬಹುದು.

ಡೀಸೆಲ್ ಪೈಪಿನ ಮೂತಿ ಅಲ್ಲಿ ಸುಮಾರು 25 ಮಿಲಿಮೀಟರು ದಪ್ಪ, ಪೆಟ್ರೋಲಿನದು ಸುಮಾರು 21. ಆದ್ದರಿಂದ ಪೆಟ್ರೋಲ್ ಕಾರಿನ ಕಿರಿದಾದ ಬಾಯೊಳಗೆ ಡೀಸೆಲ್ ಪೈಪು ಹೋಗುವುದೇ ಇಲ್ಲ. ನನ್ನದು ಇದಕ್ಕೆ ವಿಲೋಮವಾದ ತಪ್ಪು. ಕಿರಿದಾದದ್ದು ಅಗಲವಾದದ್ದರೊಳಗೆ ಸಲೀಸಾಗಿ ಇಳಿಯಿತು. ಯಂತ್ರ ಮಾಡಿದವರು ಒಂದು ಬಾಗಿಲನ್ನು ಮುಚ್ಚಿದ್ದಾರೆ. ಇನ್ನೊಂದು ಬಾಗಿಲಲ್ಲಿ ಮನುಷ್ಯನೇ ಎಚ್ಚರವಾಗಿ ನಿಲ್ಲಬೇಕು.

ಇಷ್ಟರವರೆಗೆ ನಡೆದದ್ದು ಮೂರ್ಖತನ. ನೀತಿಯ ಪ್ರಶ್ನೆ ಎದ್ದದ್ದು ಆಮೇಲೆ.

ನನ್ನ ಜೇಬಿನಲ್ಲಿದ್ದ ಕರಾರುಪತ್ರವನ್ನು ಆಗ ಓದಿದೆ. ಬೇರೆ ಇಂಧನ ಹಾಕಿ ಆದ ನಷ್ಟಕ್ಕೆ ವಿಮೆ ಅನ್ವಯಿಸುವುದಿಲ್ಲ, ಬಾಡಿಗೆದಾರನೇ ಭರಿಸತಕ್ಕದ್ದು ಎಂದಿತ್ತು. ಸ್ಪಷ್ಟವಾಗಿಯೇ ಇತ್ತು, ಅವರನ್ನು ದೂರುವಂತಿರಲಿಲ್ಲ. ಕೂಡಲೇ ನನ್ನೊಳಗೆ ಒಬ್ಬ ವಕೀಲ ಎದ್ದು ನಿಂತ. ಟ್ಯಾಂಕು ಐವತ್ತು ಲೀಟರಿನದು. ಉಳಿದ ನಲವತ್ತು ಲೀಟರು ಡೀಸೆಲ್ ತುಂಬಿಸಿಬಿಡು. ಏಳು ಲೀಟರು ಎಷ್ಟರದು? ಚಳಿಯ ದೇಶಗಳಲ್ಲಿ ಹಿಂದೆ ಡೀಸೆಲ್ ಹೆಪ್ಪುಗಟ್ಟದಿರಲೆಂದು ಸ್ವಲ್ಪ ಪೆಟ್ರೋಲು ಬೆರೆಸುತ್ತಿದ್ದರಲ್ಲ! ಲಿಸ್ಬನ್ನು ಮುಟ್ಟಿದರೆ ಸಾಕು. ಸಂಜೆ ಚಾವಿ ಕೊಟ್ಟು ವಿಮಾನ ಹತ್ತಿದರೆ ಆಯಿತು. ಟ್ಯಾಂಕು ತುಂಬಿರಬೇಕೆಂದರು, ತುಂಬಿಯೇ ಇರುತ್ತದೆ.

ಈ ವಕೀಲನ ವಾದದಲ್ಲಿ ಒಂದೊಂದು ಮಾತೂ ನಿಜ. ಅದೇ ಅದರ ಅಪಾಯ. ಹಳೆಯ ಎಂಜಿನ್ನುಗಳಿಗೆ ಹಾಗೆ ಬೆರೆಸುತ್ತಿದ್ದದ್ದು ನಿಜ. ಇದು ಹಳೆಯ ಎಂಜಿನ್ನಲ್ಲ ಎಂಬುದನ್ನು ಅವನು ಹೇಳಲಿಲ್ಲ. ಟ್ಯಾಂಕು ತುಂಬಿರುತ್ತಿದ್ದದ್ದೂ ನಿಜ. ಏನು ತುಂಬಿದೆ ಎಂಬುದನ್ನು ಅವನು ಬಿಟ್ಟುಬಿಟ್ಟ. ಸುಳ್ಳು ಹೇಳುವವನಿಗೆ ಒಮ್ಮೊಮ್ಮೆ ಒಂದು ಸುಳ್ಳಿನ ಅಗತ್ಯವೂ ಇರುವುದಿಲ್ಲ. ಆಯ್ದ ನಿಜಗಳೇ ಸಾಕಾಗುತ್ತವೆ.

ನಾನು ಡ್ರೈವರನ ಸೀಟಿನಲ್ಲಿ ಕುಳಿತು ಚಾವಿಯನ್ನು ಸಿಕ್ಕಿಸಿದೆ. ಇನ್ನೊಂದು ಪೈಪಿನ ಕಡೆಗೆ ಕಾರನ್ನು ತಿರುಗಿಸಿ ನಿಲ್ಲಿಸುವುದು ನನ್ನ ಉದ್ದೇಶ. ಹೆಂಡತಿ ಕಾರು ಹತ್ತಲಿಲ್ಲ. ವಾದ ಮಾಡಲಿಲ್ಲ, ಬೋಧನೆ ಮಾಡಲಿಲ್ಲ. "ನಾಳೆ ಇದನ್ನು ಯಾರು ತೆಗೆದುಕೊಂಡು ಹೋಗುತ್ತಾರೋ" ಎಂದಷ್ಟೇ ಹೇಳಿ, ಪಂಪಿನ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತುಬಿಟ್ಟಳು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ. ಅದುವರೆಗೆ ನನ್ನ ಲೆಕ್ಕದಲ್ಲಿ ಇದ್ದವರು ಇಬ್ಬರೇ: ನಾನು ಮತ್ತು ಬಾಡಿಗೆಯವರು. ಅವರು ದೊಡ್ಡ ವ್ಯಾಪಾರಿಗಳು, ನೂರಾರು ಕಾರಿನವರು, ಒಂದು ಪಂಪು ಕೆಟ್ಟರೆ ಮುಳುಗುವುದಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಮಾತು ಲೆಕ್ಕಕ್ಕೆ ಮೂರನೆಯವನೊಬ್ಬನನ್ನು ತಂದು ನಿಲ್ಲಿಸಿತು. ಹಣ ತೆತ್ತಿದ್ದೇನೆಂಬ ವಾದ ಬಾಡಿಗೆಯವರ ಎದುರಿಗೆ ನಡೆದೀತು. ನಾಳೆ ಇದೇ ರಸ್ತೆಯಲ್ಲಿ, ಬಿಸಿಲಿನಲ್ಲಿ, ಕೆಟ್ಟ ಕಾರಿನ ಪಕ್ಕದಲ್ಲಿ ನಿಲ್ಲಬೇಕಾದ ಅಪರಿಚಿತನಿಗೆ ನಾನು ಏನು ತೆತ್ತಿದ್ದೇನೆ? ಕೆಟ್ಟದ್ದು ಅವನ ಕೈಯಲ್ಲಾದ್ದರಿಂದ ದಂಡವನ್ನೂ ಅವನಿಂದಲೇ ಕೇಳಬಹುದು. ಬಂಕಿನ ಹುಡುಗನಿಲ್ಲದ ದೇಶದಲ್ಲಿ ನಾನು ಅವನನ್ನೇ ಬಂಕಿನ ಹುಡುಗನನ್ನಾಗಿ ಮಾಡಹೊರಟಿದ್ದೆ.

ಅರಿಯದೆ ಮಾಡಿದ ತಪ್ಪಿನ ವಿಚಾರವನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಬಹು ಸೂಕ್ಷ್ಮವಾಗಿ ನಡೆಸಿದ್ದಾನೆ. ತಿಳಿದುಕೊಳ್ಳುವುದು ತನ್ನ ಕೈಯಲ್ಲಿದ್ದಾಗಲೂ ತಿಳಿಯದೆ ಉಳಿದವನು ಆ ಅಜ್ಞಾನಕ್ಕೇ ಹೊಣೆ ಎಂದು ಅವನ ಮತ. ಕುಡಿದು ಅಪರಾಧ ಮಾಡಿದವನಿಗೆ ಇಮ್ಮಡಿ ದಂಡ ವಿಧಿಸುತ್ತಿದ್ದ ಕಾನೂನನ್ನು ಅವನು ಇದಕ್ಕೆ ನಿದರ್ಶನವಾಗಿ ಕೊಡುತ್ತಾನೆ. ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತಲ್ಲ. ಚೀಟಿಯ ಅಕ್ಷರವನ್ನು ಓದುವುದೂ ಒಳಗೆ ಹೋಗಿ ಕೇಳುವುದೂ ನನ್ನ ಕೈಯಲ್ಲೇ ಇತ್ತು. ನಾನು ಕುಡಿದದ್ದು ಬೇರೆ ಬಗೆಯ ಮದ್ಯ. ನಮ್ಮಲ್ಲಿ ಇದಕ್ಕೆ 'ಪ್ರಮಾದ' ಎಂಬ ಮಾತಿದೆ. ಇಂದು ಅದನ್ನು ನಾವು ದೊಡ್ಡ ತಪ್ಪು ಎಂಬ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದರ ಅರ್ಥ ಮೈಮರೆವು, ಎಚ್ಚರಗೇಡಿತನ. ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಮತ್ತೆ ಮತ್ತೆ ಎಚ್ಚರಿಸುವುದು ಈ ಪ್ರಮಾದದ ವಿಷಯದಲ್ಲಿಯೇ. ಓದು ಮುಗಿಸಿದವನಿಗೇ ಆ ಎಚ್ಚರಿಕೆ ಹೆಚ್ಚು ಅಗತ್ಯವೆಂದು ಅವನಿಗೆ ತಿಳಿದಿರಬೇಕು.

ಅರಿಸ್ಟಾಟಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅರಿಯದೆ ಮಾಡಿದ್ದನ್ನು ಅರಿತ ಮೇಲೆ ಯಾವನಿಗೆ ನೋವಾಗುತ್ತದೆಯೋ, ಅವನು ಮಾತ್ರ ಅದನ್ನು ತನ್ನ ಇಷ್ಟಕ್ಕೆ ವಿರುದ್ಧವಾಗಿ ಮಾಡಿದವನು. ನೋವೇ ಆಗದವನನ್ನು ಆ ಪಂಕ್ತಿಯಲ್ಲಿ ಕೂರಿಸುವಂತಿಲ್ಲ ಎನ್ನುತ್ತಾನೆ. ಇದನ್ನು ನನ್ನ ಸಂದರ್ಭಕ್ಕೆ ಹೊಂದಿಸಿ ನೋಡಿದೆ. ಏಳು ಲೀಟರು ಸುರಿಯುವಾಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಗೊತ್ತಾದ ಮೇಲೂ ಚಾವಿ ತಿರುಗಿಸಿದರೆ, ಹಿಂದೆ ಗೊತ್ತಿರಲಿಲ್ಲವೆಂಬ ರಿಯಾಯಿತಿ ಹೋಗಿಬಿಡುತ್ತದೆ. ತಿಳಿಯದೆ ಮಾಡಿದ್ದನ್ನು ಮುಚ್ಚಿಟ್ಟವನು ಅದನ್ನು ತಿಳಿದು ಇನ್ನೊಮ್ಮೆ ಮಾಡಿದಂತೆಯೇ.

ಚಾವಿಯನ್ನು ತೆಗೆದು ಕೆಳಗಿಳಿದೆ. ಒಳಗೆ ಹೋಗಿ, ಹತ್ತು ನಿಮಿಷದ ಹಿಂದೆ ಕೇಳಬೇಕಾಗಿದ್ದ ಮಾತನ್ನು ಕೇಳಿದೆ. ಅಲ್ಲಿದ್ದ ಹೆಂಗಸು ನಗಲಿಲ್ಲ. ಬಾಡಿಗೆಯವರಿಗೆ ಫೋನು ಮಾಡಿದ್ದೂ ಆಯಿತು. ಎರಡು ಗಂಟೆಯ ಮೇಲೆ ಒಬ್ಬ ಮೆಕ್ಯಾನಿಕ್ ಪೀಪಾಯಿಗಳನ್ನೂ ಕೊಳವೆಗಳನ್ನೂ ಹೇರಿಕೊಂಡು ಬಂದ. ಬಂದವನು ಕೇಳಿದ್ದು ಒಂದೇ ಪ್ರಶ್ನೆ. ಮೊದಲು ತನ್ನ ಭಾಷೆಯಲ್ಲಿ ಕೇಳಿ, ನನಗೆ ಅರ್ಥವಾಗಲಿಲ್ಲವೆಂದು ಕಂಡು, ಬೆರಳಿನಿಂದ ಚಾವಿ ತಿರುಗಿಸುವ ಅಭಿನಯ ಮಾಡಿದ. ಇಲ್ಲವೆಂದು ತಲೆಯಾಡಿಸಿದೆ. ಅವನ ಮುಖ ಸಡಿಲವಾಯಿತು. ಹಾಗಾದರೆ ಟ್ಯಾಂಕನ್ನು ಬಸಿದು ತೊಳೆದರೆ ಸಾಕು. ತಿರುಗಿಸಿದ್ದರೆ, ಎಂಜಿನ್ನು ಓಡದಿದ್ದರೂ, ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಆ ಮಿಶ್ರಣವನ್ನು ಮುಂದಕ್ಕೆ ನೂಕಲು ತೊಡಗುತ್ತಿತ್ತು. ಸುರಿದದ್ದಕ್ಕೆ ಪರಿಹಾರ ಸುಲಭ, ಹರಡಿದ್ದಕ್ಕೆ ಕಷ್ಟ. ತೆತ್ತ ಹಣ ಆ ದಿನ ನೋವು ಕೊಟ್ಟಿತು. ವಿಮಾನವೂ ತಪ್ಪಿತು.

ಕಾಯುತ್ತಿದ್ದ ಆ ಎರಡು ಗಂಟೆ ನಾವು ರಸ್ತೆಯ ಆಚೆಗಿದ್ದ ಮರಗಳ ನೆರಳಿನಲ್ಲಿ ಕುಳಿತಿದ್ದೆವು. ಆ ಪ್ರಾಂತವೆಲ್ಲ ಬಿರಡೆಯ ಮರಗಳ ನಾಡು. ಜಗತ್ತಿನ ಬಿರಡೆಯಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಮರವನ್ನು ಕಡಿಯದೆ ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಸುಲಿದ ಮೇಲೆ ಒಂಬತ್ತು ವರ್ಷ ಅದನ್ನು ಮುಟ್ಟುವಂತಿಲ್ಲ. ಅಲ್ಲಿಯ ಕಾನೂನೇ ಹಾಗೆ. ಲೆಕ್ಕ ತಪ್ಪದಿರಲೆಂದು ಸುಲಿದ ವರ್ಷದ ಕೊನೆಯ ಅಂಕೆಯನ್ನು ಬೊಡ್ಡೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ನಮ್ಮ ಎದುರಿನ ಮರದ ಮೇಲೆ 4 ಎಂದಿತ್ತು. 2014ರಲ್ಲಿ ಸುಲಿದದ್ದು, 2023ರವರೆಗೆ ಬಿಡಬೇಕು ಎಂದು ಅದರ ಅರ್ಥ. ಬರೆದವನಿಗೆ ಮುಂದೆ ಕೊಡಲಿ ಹಿಡಿದು ಬರುವವನು ಯಾರೆಂದು ಗೊತ್ತಿರಲಾರದು. ಆದರೂ ತಾನು ಮಾಡಿದ್ದನ್ನು ಅವನಿಗೆ ತಿಳಿಸಿ ಹೋಗಿದ್ದ.

ನನ್ನ ಪ್ರಾಮಾಣಿಕತೆಯ ಕಥೆಯೆಂದು ಇದನ್ನು ಯಾರೂ ಓದಬಾರದು. ಹೆಂಡತಿ ಕಾರು ಹತ್ತಿ ಕುಳಿತಿದ್ದರೆ ನಾನು ಚಾವಿ ತಿರುಗಿಸುತ್ತಿದ್ದೆನೆಂದೇ ನನ್ನ ನಂಬಿಕೆ. ಕಾರು ಬಾಡಿಗೆಯದು, ಆ ಹೊತ್ತಿನ ಒಳ್ಳೆಯತನ ಆಕೆಯಿಂದ ಎರವಲು ತಂದದ್ದು. ಎರವಲಿನದನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ! ಅಂದಿನಿಂದ ಪರವೂರಿನಲ್ಲಿ ಏನೇ ಸಂದೇಹ ಬಂದರೂ ಮೊದಲು ಯಾರನ್ನಾದರೂ ಕೇಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಗೊತ್ತಿರುವುದನ್ನೂ ಕೇಳುತ್ತೀರಲ್ಲ ಎಂದು ಈಗ ಆಕೆಯೇ ಬೇಸರಪಡುವುದುಂಟು.